ದಾನವಾಗಿ ಸಿಗದ ದೃಷ್ಟಿ: ಅಕ್ಷಿಪಟಲದ ನರಕೋಶಗಳನ್ನು ಕಾಯುವ ಬಗೆ

(ಬೆಂಗಳೂರಿನ ಬಸವನಗುಡಿಯಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಆಯಾ ವಿಷಯ ಬಂದಲ್ಲಿಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೇತ್ರದಾನದ ಬಗ್ಗೆ ಈ ಊರಿನವರಿಗೆ ಹೊಸದಾಗಿ ಹೇಳಬೇಕಾದದ್ದು ಏನೂ ಇಲ್ಲ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಪುನೀತ್ ನಮ್ಮನ್ನು ಅಗಲಿದಾಗ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಕಸಿ ಮಾಡಲಾಯಿತು. ಅದಾದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಒಬ್ಬ ಕಲಾವಿದನ ಮೇಲಿನ ಪ್ರೀತಿ ಇಷ್ಟು ಜನರ ಕತ್ತಲೆ ಕಳೆಯುವ ಕೆಲಸಕ್ಕೆ ತಿರುಗಿದ್ದನ್ನು ಕಣ್ಣಿನ ವೈದ್ಯನಾಗಿ ನಾನು ಮರೆಯಲಾರೆ.

ಆದರೆ ಈ ಒಳ್ಳೆಯ ಕೆಲಸದ ಜೊತೆಜೊತೆಗೇ ಒಂದು ತಪ್ಪು ತಿಳಿವಳಿಕೆಯೂ ಮನೆಮನೆಗೆ ಹೋಗಿದೆ. ಗ್ಲಾಕೋಮಾದಿಂದ, ಅಂದರೆ ದೃಷ್ಟಿನರ ಸವೆಯುತ್ತ ಹೋಗುವ ಕಣ್ಣಿನ ರೋಗದಿಂದ, ದೃಷ್ಟಿ ಕಳೆದುಕೊಂಡವರ ಮನೆಯವರು ಬಂದು, "ಡಾಕ್ಟರೇ, ನಮ್ಮ ತಂದೆಗೆ ದಾನ ಬಂದ ಕಣ್ಣು ಹಾಕಿಸಬಹುದಲ್ಲವೇ?" ಎಂದು ಕೇಳುತ್ತಾರೆ. ತನ್ನದೇ ಒಂದು ಕಣ್ಣು ಕೊಡುತ್ತೇನೆಂದು ಮಕ್ಕಳು ಮುಂದೆ ಬರುವುದೂ ಉಂಟು. ಅಂಥವರಿಗೆ ಆಗುವುದಿಲ್ಲ ಎಂದು ಹೇಳುವುದು ನನ್ನ ವೃತ್ತಿಯ ಅತ್ಯಂತ ಕಷ್ಟದ ಮಾತು. ಏಕೆ ಆಗುವುದಿಲ್ಲ ಎಂಬುದನ್ನು ಹೊರರೋಗಿ ವಿಭಾಗದ ಐದು ನಿಮಿಷದಲ್ಲಿ ವಿವರಿಸಲು ಸಾಧ್ಯವಿಲ್ಲ. ಅದಕ್ಕೇ ಇಂದು ಇಲ್ಲಿ ನಿಂತಿದ್ದೇನೆ.

ದಾನವಾಗಿ ಬಂದ ಕಣ್ಣಿನಲ್ಲಿ ಇನ್ನೊಬ್ಬರಿಗೆ ಜೋಡಿಸುವುದು ಕಾರ್ನಿಯಾ ಎಂಬ ಮುಂಭಾಗದ ಪಾರದರ್ಶಕ ಪದರವನ್ನು. ಅದರ ದಪ್ಪ ಅರ್ಧ ಮಿಲಿಮೀಟರ್‌ನಷ್ಟು. ಅದರಲ್ಲಿ ರಕ್ತನಾಳಗಳಿಲ್ಲ, ಮಿದುಳಿಗೆ ಅದನ್ನು ಎಳೆ ಎಳೆಯಾಗಿ ಜೋಡಿಸಬೇಕಾದ ಅಗತ್ಯವೂ ಇಲ್ಲ. ಬೆಳಕು ದಾಟಿ ಹೋಗಲು ಬಿಟ್ಟರೆ ಅದರ ಕೆಲಸ ಮುಗಿಯಿತು. ಆ ಬೆಳಕನ್ನು ಹಿಡಿದು ಮಿದುಳಿಗೆ ತಿಳಿಸುವ ಭಾಗ ಕಣ್ಣಿನ ಹಿಂಗೋಡೆಯಲ್ಲಿರುವ ಅಕ್ಷಿಪಟಲ, ನೀವೆಲ್ಲ ರೆಟಿನಾ ಎಂದು ಕೇಳಿರುವ ಪೊರೆ. ಗ್ಲಾಕೋಮಾದಲ್ಲಿ ಸಾಯುವುದು ಅಲ್ಲಿನ ನರಕೋಶಗಳು. 2023ರ ಮೇ ತಿಂಗಳಿನಲ್ಲಿ ನ್ಯೂಯಾರ್ಕಿನಲ್ಲಿ ಒಂದು ಇಡೀ ಕಣ್ಣನ್ನೇ ಕಸಿ ಮಾಡಿದರು, ಜಗತ್ತಿನಲ್ಲಿ ಅದೇ ಮೊದಲು. ಕಸಿಯಾದ ಕಣ್ಣಿನಲ್ಲಿ ರಕ್ತ ಹರಿಯಿತು, ಕಣ್ಣು ಬದುಕಿ ಉಳಿಯಿತು. ದೃಷ್ಟಿ ಮಾತ್ರ ಬರಲಿಲ್ಲ. ಕತ್ತರಿಸಿದ ದೃಷ್ಟಿನರವನ್ನು ಮತ್ತೆ ಮಿದುಳಿಗೆ ಹೊಂದಿಸುವ ವಿದ್ಯೆ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

ಈಗ ಆ ಕೋಶಗಳನ್ನು ಹತ್ತಿರದಿಂದ ನೋಡೋಣ. ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಎರಡು ಬಗೆ. ಮಬ್ಬು ಬೆಳಕಿಗೆ ಮಿಡಿಯುವ ದಂಡಕೋಶಗಳು ಸುಮಾರು 12 ಕೋಟಿ, ಬಣ್ಣ ಮತ್ತು ಸೂಕ್ಷ್ಮ ವಿವರಗಳನ್ನು ಕಾಣುವ ಶಂಕುಕೋಶಗಳು ಸುಮಾರು 60 ಲಕ್ಷ. ಇಷ್ಟೂ ಕೋಶಗಳ ಸುದ್ದಿ ನಡುವಿನ ಪದರಗಳಲ್ಲಿ ಸೋಸಿಕೊಂಡು ಕೊನೆಗೆ ಬಂದು ಸೇರುವುದು ಗ್ಯಾಂಗ್ಲಿಯನ್ ಕೋಶಗಳೆಂಬ ನರಕೋಶಗಳಿಗೆ. ಅವು ಒಂದು ಕಣ್ಣಿನಲ್ಲಿ ಇರುವುದು ಬರೀ 10ರಿಂದ 12 ಲಕ್ಷ. ನಾವು ಕಾಣುವುದೆಲ್ಲವೂ, ಇದೀಗ ನೀವು ನೋಡುತ್ತಿರುವ ನನ್ನ ಮುಖವೂ, ಈ ಹತ್ತು ಹನ್ನೆರಡು ಲಕ್ಷ ಕೋಶಗಳ ಮೂಲಕವೇ ಮಿದುಳಿಗೆ ಹೋಗಬೇಕು. ಇವನ್ನು ಬಿಟ್ಟು ಬೇರೆ ದಾರಿ ಇಲ್ಲ.

ಗ್ಯಾಂಗ್ಲಿಯನ್ ಕೋಶದ ಒಡಲು ಮಿಲಿಮೀಟರಿನ ನೂರನೇ ಒಂದರಿಂದ ಐವತ್ತನೇ ಒಂದು ಭಾಗದಷ್ಟು. ಅದರಿಂದ ಹೊರಟ ನರತಂತು ಅಕ್ಷಿಪಟಲದ ಮೇಲ್ಮೈಯಲ್ಲಿ ಹಾಯ್ದು, ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಒಂದು ತಟ್ಟೆಯಲ್ಲಿ ಉಳಿದ ಲಕ್ಷಾಂತರ ತಂತುಗಳ ಜೊತೆ ಕೂಡಿ, ಅಲ್ಲಿಂದ ಹಿಂದಕ್ಕೆ ಬಾಗಿ, ರಂಧ್ರಗಳಿರುವ ಒಂದು ತೆಳುಪದರವನ್ನು ತೂರಿ ಕಣ್ಣಿನಿಂದ ಹೊರಬೀಳುತ್ತದೆ. ಆಮೇಲೆ ದೃಷ್ಟಿನರವಾಗಿ ತಲೆಬುರುಡೆಯೊಳಗೆ ಹೊಕ್ಕು, ಮಿದುಳಿನ ನಡುಭಾಗದವರೆಗೆ ನಡೆಯುತ್ತದೆ. ಒಡಲಿಗೂ ಬಾಲಕ್ಕೂ ಇರುವ ಈ ಅಳತೆಯ ಅಂತರ ಸಾವಿರಾರು ಪಟ್ಟು. ಈ ಕೋಶದ ಬಾಳಿನ ಕಷ್ಟವೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

ಏಕೆಂದರೆ ತಂತುವಿನಲ್ಲಿ ವಿದ್ಯುತ್ ಸಂಕೇತವಷ್ಟೇ ಹೋಗುವುದಿಲ್ಲ. ಅದರೊಳಗೆ ಎರಡೂ ದಿಕ್ಕಿಗೆ ಸಾಗಣೆ ನಡೆಯುತ್ತಿರುತ್ತದೆ. ಒಡಲಿನಲ್ಲಿ ತಯಾರಾದ ಪ್ರೋಟೀನುಗಳು ತುದಿಗೆ ಹೋಗುತ್ತವೆ, ಮಿದುಳಿನ ಕಡೆಯಿಂದ ಪೋಷಕ ಪ್ರೋಟೀನುಗಳು ಒಡಲಿಗೆ ಬರುತ್ತವೆ. ನರಗಳಿಗೆ ಇಂಥ ಪೋಷಕ ವಸ್ತುಗಳಿವೆ ಎಂದು ಮೊದಲು ತೋರಿಸಿಕೊಟ್ಟವರಲ್ಲಿ ಪ್ರಮುಖರು ಇಟಲಿಯ ರೀಟಾ ಲೆವಿ ಮೊಂಟಾಲ್ಚಿನಿ. ಸ್ಟ್ಯಾನ್ಲಿ ಕೋಹೆನ್ ಅವರೊಡನೆ 1986ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಊರಿಗೆ ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಕಾವೇರಿ ನೀರು ಬರುತ್ತದೆ. ದಾರಿಯಲ್ಲಿ ಕೊಳವೆಗೆ ಪೆಟ್ಟಾದರೆ ಊರಿನಲ್ಲಿ ಏನೂ ಕೆಟ್ಟಿರದಿದ್ದರೂ ನಲ್ಲಿ ಬತ್ತುತ್ತದೆ. ಗ್ಯಾಂಗ್ಲಿಯನ್ ಕೋಶದ ಸ್ಥಿತಿಯೂ ಅದೇ. ಗ್ಲಾಕೋಮಾದಲ್ಲಿ ಮೊದಲ ಪೆಟ್ಟು ಬೀಳುವುದು ಕೋಶದ ಒಡಲಿಗಲ್ಲ, ತಂತುಗಳು ಕಣ್ಣಿನಿಂದ ಹೊರಬೀಳುವ ಆ ರಂಧ್ರದ ಪದರದಲ್ಲಿ. ಕಣ್ಣಿನೊಳಗಿನ ಒತ್ತಡ ಏರಿಸಿದಾಗ ಸರಿಯಾಗಿ ಅಲ್ಲಿಯೇ ಸಾಗಣೆ ನಿಂತು ಸಾಮಗ್ರಿ ಗುಡ್ಡೆಬೀಳುವುದನ್ನು 1970ರ ದಶಕದಲ್ಲಿ ಕೋತಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಕೊಂಡರು.

ಪೋಷಣೆ ನಿಂತ ಕೋಶ ಒಮ್ಮೆಗೇ ಒಡೆದುಹೋಗುವುದಿಲ್ಲ. ಮೊದಲು ಅದರ ಕವಲುಗಳು ಮುದುಡುತ್ತವೆ, ನೆರೆಯ ಕೋಶಗಳೊಂದಿಗಿನ ಸಂಪರ್ಕಗಳು ಕಳಚುತ್ತವೆ. ಬಹಳ ಸಮಯದ ನಂತರ, ತನ್ನೊಳಗೇ ಇರುವ ಒಂದು ವ್ಯವಸ್ಥಿತ ಕಾರ್ಯಕ್ರಮದ ಪ್ರಕಾರ ಅದು ತನ್ನನ್ನು ತಾನೇ ಕಳಚಿಕೊಂಡು ಇಲ್ಲವಾಗುತ್ತದೆ. ಈ ನಡುವಿನ ಅವಧಿಯ ಬಗ್ಗೆ ನಿಮ್ಮ ಗಮನ ಸೆಳೆಯುತ್ತೇನೆ. ಸೊರಗಿದ್ದರೂ ಸಾಯದ ಕೋಶಗಳು ಆಗ ಬೇಕಾದಷ್ಟಿರುತ್ತವೆ. ಚಿಕಿತ್ಸೆಯಿಂದ ಕಾಪಾಡಲು ಆಗುವುದು ಅವುಗಳನ್ನೇ. ಸತ್ತ ಕೋಶದ ಜಾಗಕ್ಕೆ ಮನುಷ್ಯನ ಕಣ್ಣು ಹೊಸದನ್ನು ಹುಟ್ಟಿಸುವುದಿಲ್ಲ.

ಒತ್ತಡ ಎಂದೆ. ಸಭೆಯಲ್ಲಿ ಹಿರಿಯರೊಬ್ಬರು, "ನನಗೆ ಬಿಪಿ ಇಲ್ಲ, ಹಾಗಿದ್ದರೆ ಕಣ್ಣಿಗೆ ಹೇಗೆ ಒತ್ತಡ ಬಂತು?" ಎಂದು ಕೇಳಿದರು. ಅದು ಬೇರೆ, ಇದು ಬೇರೆ. ಕಣ್ಣಿನ ಮುಂಭಾಗದಲ್ಲಿ ಒಂದು ತಿಳಿದ್ರವ ನಿಮಿಷಕ್ಕೆ ಎರಡು ಮೂರು ಮೈಕ್ರೊಲೀಟರಿನಂತೆ ಉತ್ಪತ್ತಿಯಾಗುತ್ತಿರುತ್ತದೆ ಮತ್ತು ಕಾರ್ನಿಯಾ ಮತ್ತು ಪಾಪೆಯ ಸುತ್ತಲಿನ ಬಣ್ಣದ ಪರದೆ ಸೇರುವ ಕೋನದಲ್ಲಿರುವ ಸೂಕ್ಷ್ಮ ಜಾಲರಿಯ ಮೂಲಕ ಹೊರಹೋಗುತ್ತಿರುತ್ತದೆ. ಹೊರಹೋಗುವುದು ತಡೆಪಟ್ಟರೆ ಒತ್ತಡ ಏರುತ್ತದೆ. ಹೆಚ್ಚಿನ ಆರೋಗ್ಯವಂತರಲ್ಲಿ ಈ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರ್ ಒಳಗಿರುತ್ತದೆ. ಆದರೆ 21 ಎಂಬುದು ಲಕ್ಷ್ಮಣರೇಖೆಯಲ್ಲ. 16 ಇದ್ದರೂ ನರ ಸವೆಯುವವರಿದ್ದಾರೆ, 25 ಇದ್ದರೂ ಎಷ್ಟೋ ವರ್ಷ ಏನೂ ಆಗದವರಿದ್ದಾರೆ. ದೃಷ್ಟಿನರದ ಬುಡದ ಆ ರಂಧ್ರಪದರದ ಗಟ್ಟಿತನ, ಅಲ್ಲಿಗೆ ಬರುವ ರಕ್ತ, ವಯಸ್ಸು, ವಂಶ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ರಾತ್ರಿ ಹೊತ್ತು ರಕ್ತದೊತ್ತಡ ತೀರಾ ಇಳಿದರೂ ದೃಷ್ಟಿನರಕ್ಕೆ ರಕ್ತ ಸಾಲದೇ ಹೋಗಬಹುದು. ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಗ್ಲಾಕೋಮಾ ಇರುವ ವಿಷಯವನ್ನು ಮಾತ್ರ ಬಿಪಿ ನೋಡುವ ವೈದ್ಯರಿಗೆ ತಪ್ಪದೆ ತಿಳಿಸಿ.

ಈ ರೋಗದ ಅತಿ ದೊಡ್ಡ ಅಪಾಯ ಅದರ ಸದ್ದಿಲ್ಲದ ನಡೆ. ಕೋನ ಹಠಾತ್ತಾಗಿ ಮುಚ್ಚಿಕೊಂಡಾಗ ತೀವ್ರ ಕಣ್ಣುನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣಿಸಿಕೊಳ್ಳುತ್ತವೆ, ಆಗ ಯಾರೂ ಮನೆಯಲ್ಲಿ ಕೂರುವುದಿಲ್ಲ. ಆದರೆ ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ, ನೀರು ಸೋರುವುದಿಲ್ಲ. ಓದುವ ನಡುದೃಷ್ಟಿ ಕೊನೆಯವರೆಗೂ ಉಳಿದುಕೊಂಡಿರುತ್ತದೆ. ದಿನಪತ್ರಿಕೆಯ ಸಣ್ಣ ಅಕ್ಷರ ಓದುವವರ ದೃಷ್ಟಿಕ್ಷೇತ್ರದಲ್ಲಿ, ಅಂದರೆ ನೇರ ನೋಡುವಾಗ ಸುತ್ತಲೂ ಕಾಣುವ ವ್ಯಾಪ್ತಿಯಲ್ಲಿ, ಅರ್ಧ ಹೋಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಯಂತ್ರದ ದೃಷ್ಟಿಕ್ಷೇತ್ರ ಪರೀಕ್ಷೆಯಲ್ಲಿ ಮೊದಲ ಕೊರತೆ ಕಾಣುವ ಹೊತ್ತಿಗೆ ಆ ಭಾಗದ ಗ್ಯಾಂಗ್ಲಿಯನ್ ಕೋಶಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸತ್ತಿರುತ್ತವೆ ಎಂದು ಅಮೆರಿಕದ ಹ್ಯಾರಿ ಕ್ವಿಗ್ಲಿ ಮತ್ತು ಅವರ ಸಂಗಡಿಗರು ತೋರಿಸಿದ್ದಾರೆ.

ಪಾಠಪುಸ್ತಕಗಳಲ್ಲಿ, ಆಸ್ಪತ್ರೆಯ ಗೋಡೆಗಳ ಮೇಲೆ ಗ್ಲಾಕೋಮಾ ರೋಗಿಯ ನೋಟವೆಂದು ಸುತ್ತ ಕಪ್ಪು, ನಡುವೆ ದುಂಡಗೆ ಬೆಳಕಿರುವ ಚಿತ್ರ ಹಾಕಿರುತ್ತಾರೆ. ಆ ಚಿತ್ರ ಜನರನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಲಂಡನ್ನಿನ ಸಂಶೋಧಕರು 2013ರಲ್ಲಿ ರೋಗಿಗಳಿಗೇ ಹಲವು ಚಿತ್ರಗಳನ್ನು ತೋರಿಸಿ ನಿಮಗೆ ಹೇಗೆ ಕಾಣುತ್ತದೆ ಎಂದು ಕೇಳಿದರು. ಕಪ್ಪು ಸುರಂಗದ ಚಿತ್ರವನ್ನು ಒಬ್ಬರೂ ಆರಿಸಲಿಲ್ಲ. ಮಸುಕಾದ ಭಾಗಗಳು, ಇರಬೇಕಾದ ವಸ್ತು ಇಲ್ಲದಂತೆ ಕಾಣುವುದು, ಇವನ್ನೇ ಹೆಚ್ಚಿನವರು ಆರಿಸಿದರು. ಮಿದುಳು ಕೊರತೆಯನ್ನು ಸುತ್ತಲಿನ ನೋಟದಿಂದ ತುಂಬಿಬಿಡುತ್ತದೆ. ಗಾಂಧಿ ಬಜಾರಿನಲ್ಲಿ ರಸ್ತೆ ದಾಟುವಾಗ ಪಕ್ಕದಿಂದ ಬಂದ ಸ್ಕೂಟರ್ ಕಪ್ಪಾಗಿ ಕಾಣುವುದಿಲ್ಲ, ರಸ್ತೆ ಖಾಲಿ ಇದ್ದಂತೆ ಕಾಣುತ್ತದೆ. ಮೆಟ್ಟಿಲು ತಪ್ಪಿತು, ಬಾಗಿಲ ಚೌಕಟ್ಟಿಗೆ ಭುಜ ತಾಗಿತು, ಬಡಿಸಿದ ಪಲ್ಯ ಎಲೆಯ ತುದಿಯಲ್ಲೇ ಉಳಿಯಿತು, ಹೀಗೆ ಶುರುವಾಗುತ್ತದೆ. ಮನೆಯವರು ಅದನ್ನು ವಯಸ್ಸಿನ ಮರೆವೆಂದುಕೊಳ್ಳುತ್ತಾರೆ.

ಭಾರತದಲ್ಲಿ 40 ದಾಟಿದವರಲ್ಲಿ ಒಂದು ಕೋಟಿಗೂ ಹೆಚ್ಚು ಜನರಿಗೆ ಗ್ಲಾಕೋಮಾ ಇದೆಯೆಂಬ ಅಂದಾಜಿದೆ. ತಮಿಳುನಾಡಿನ ಸಮೀಕ್ಷೆಗಳಲ್ಲಿ ರೋಗ ಪತ್ತೆಯಾದವರ ಪೈಕಿ 100ಕ್ಕೆ 90ಕ್ಕೂ ಹೆಚ್ಚು ಮಂದಿಗೆ ತಮಗೆ ಆ ರೋಗವಿರುವುದು ಅದುವರೆಗೆ ಗೊತ್ತೇ ಇರಲಿಲ್ಲ.

ಹಾಗಾದರೆ ಕಾಯುವುದು ಹೇಗೆ? ಇಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ನರಕೋಶಗಳ ರಕ್ಷಣೆ ಎಂದೊಡನೆ ಮುಂದೆಂದೋ ಬರಲಿರುವ ಅದ್ಭುತ ಔಷಧಿಯನ್ನು ಜನ ನೆನೆಯುತ್ತಾರೆ. ಆದರೆ ಮನುಷ್ಯರಲ್ಲಿ ಮತ್ತೆ ಮತ್ತೆ ಪರೀಕ್ಷೆಯಾಗಿ ಗೆದ್ದಿರುವ ರಕ್ಷಣೆ ಒಂದು ಈಗಾಗಲೇ ನಮ್ಮ ಬಳಿ ಇದೆ. ಅದು ಕಣ್ಣಿನ ಒತ್ತಡ ಇಳಿಸುವುದು. ಸ್ವೀಡನ್ನಿನಲ್ಲಿ ಹೊಸದಾಗಿ ರೋಗ ಪತ್ತೆಯಾದ 255 ಮಂದಿಯನ್ನು ಎರಡು ಗುಂಪು ಮಾಡಿ ವರ್ಷಗಟ್ಟಲೆ ನೋಡಿದರು. 2002ರಲ್ಲಿ ಬಂದ ಫಲಿತಾಂಶದಂತೆ ಚಿಕಿತ್ಸೆ ಪಡೆಯದವರಲ್ಲಿ ಶೇಕಡ 62 ಮಂದಿಗೆ ರೋಗ ಮುಂದುವರಿದಿತ್ತು, ಪಡೆದವರಲ್ಲಿ ಶೇಕಡ 45 ಮಂದಿಗೆ. ಒತ್ತಡದಲ್ಲಿ ಇಳಿದ ಒಂದೊಂದು ಮಿಲಿಮೀಟರಿಗೂ ಅಪಾಯ ಸುಮಾರು ಶೇಕಡ 10ರಷ್ಟು ತಗ್ಗಿತ್ತು. ಅದೇ ವರ್ಷ ಅಮೆರಿಕದಿಂದ ಇನ್ನೊಂದು ಅಧ್ಯಯನ ಬಂತು. ಒತ್ತಡ ಹೆಚ್ಚಿದ್ದರೂ ನರಕ್ಕೆ ಇನ್ನೂ ಪೆಟ್ಟಾಗಿರದ 1,636 ಮಂದಿಯಲ್ಲಿ ಅರ್ಧ ಜನಕ್ಕೆ ಒತ್ತಡ ಇಳಿಸುವ ಕಣ್ಣಿನ ಹನಿ ಕೊಟ್ಟರು. ಐದು ವರ್ಷದಲ್ಲಿ ಹನಿ ಇಲ್ಲದವರಲ್ಲಿ ಶೇಕಡ 9.5 ಮಂದಿಗೆ ಗ್ಲಾಕೋಮಾ ಬಂದರೆ, ಹನಿ ಹಾಕಿಕೊಂಡವರಲ್ಲಿ ಶೇಕಡ 4.4 ಮಂದಿಗೆ ಬಂತು. ಒತ್ತಡ ಸಹಜ ಮಟ್ಟದಲ್ಲೇ ಇರುವವರಿಗೂ ಅದನ್ನು ಇನ್ನಷ್ಟು, ಶೇಕಡ 30ರಷ್ಟು, ಇಳಿಸಿದರೆ ಲಾಭವಿದೆ ಎಂದು 1998ರಲ್ಲೇ ತಿಳಿದಿತ್ತು.

ಈ ಅಂಕಿಗಳನ್ನು ಕೇಳಿ, "ಹನಿ ಹಾಕಿದರೂ ಶೇಕಡ 45 ಮಂದಿಗೆ ರೋಗ ಹೆಚ್ಚಾಯಿತಲ್ಲ?" ಎಂದು ತರುಣಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಆ ಅಧ್ಯಯನದಲ್ಲಿ ಅತಿ ಸಣ್ಣ ಬದಲಾವಣೆಯನ್ನೂ ಹಿಡಿಯುತ್ತಿದ್ದರು, ಅದೆಲ್ಲ ಕುರುಡುತನವಲ್ಲ. ಆದರೂ ಒತ್ತಡ ಇಳಿಸಿದಷ್ಟಕ್ಕೇ ಎಲ್ಲರ ನರವೂ ಉಳಿಯುವುದಿಲ್ಲ ಎಂಬುದು ನಿಜ. ಆದ್ದರಿಂದಲೇ ಕೋಶವನ್ನು ನೇರವಾಗಿ ಬಲಪಡಿಸುವ ಔಷಧಿಗಾಗಿ ವಿಜ್ಞಾನಿಗಳು ದಶಕಗಳಿಂದ ದುಡಿಯುತ್ತಿದ್ದಾರೆ.

ಆ ಹುಡುಕಾಟದಲ್ಲಿ ಅತ್ಯಂತ ದೊಡ್ಡ ನಿರೀಕ್ಷೆ ಹುಟ್ಟಿಸಿದ್ದು ಮೆಮಾಂಟಿನ್. ಇದರ ಹಿನ್ನೆಲೆ 1957ಕ್ಕೆ ಹೋಗುತ್ತದೆ. ಲ್ಯೂಕಾಸ್ ಮತ್ತು ನ್ಯೂಹೌಸ್ ಎಂಬಿಬ್ಬರು ಮರಿ ಇಲಿಗಳಿಗೆ ಗ್ಲುಟಮೇಟ್ ಚುಚ್ಚಿದಾಗ ಅಕ್ಷಿಪಟಲದ ಒಳಪದರದ ಕೋಶಗಳು ಸತ್ತವು. ಗ್ಲುಟಮೇಟ್ ನರಕೋಶಗಳು ಪರಸ್ಪರ ಸಂಕೇತ ಕಳಿಸಲು ಬಳಸುವ ವಸ್ತು. ಅದು ಮಿತಿಮೀರಿದರೆ ಕೋಶವನ್ನು ಕೆರಳಿಸಿ ಕೆರಳಿಸಿ ಕೊಲ್ಲುತ್ತದೆ. ಸಾಯುತ್ತಿರುವ ಕೋಶಗಳಿಂದ ಸೋರಿದ ಗ್ಲುಟಮೇಟ್ ನೆರೆಯ ಕೋಶಗಳನ್ನೂ ಬಲಿತೆಗೆದುಕೊಳ್ಳುತ್ತಿರಬಹುದು, ಅದಕ್ಕೆ ತಡೆಯೊಡ್ಡಿದರೆ ಗ್ಲಾಕೋಮಾ ನಿಲ್ಲಬಹುದು ಎಂದು ಮುಂದೆ ವಿಜ್ಞಾನಿಗಳು ತರ್ಕಿಸಿದರು. ಆಲ್ಝೈಮರ್ ರೋಗಿಗಳಿಗೆ ಕೊಡುತ್ತಿದ್ದ ಮೆಮಾಂಟಿನ್ ಅದಕ್ಕೆ ತಕ್ಕ ಔಷಧಿಯಾಗಿ ಕಂಡಿತು. ಇಲಿಗಳಲ್ಲಿ ಕೆಲಸ ಮಾಡಿತು, ಕೋತಿಗಳಲ್ಲೂ ಭರವಸೆ ಕೊಟ್ಟಿತು. ಆಮೇಲೆ ಎರಡು ದೊಡ್ಡ ಪರೀಕ್ಷೆಗಳಲ್ಲಿ 2,200ಕ್ಕೂ ಹೆಚ್ಚು ರೋಗಿಗಳಿಗೆ ನಾಲ್ಕು ವರ್ಷ ಕೊಟ್ಟು ನೋಡಿದರು. ಮಾತ್ರೆ ನುಂಗಿದವರಿಗೂ ಔಷಧವಿಲ್ಲದ ಹುಸಿಮಾತ್ರೆ ನುಂಗಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಪೂರ್ಣ ವಿವರ 2018ರಲ್ಲಿ ಪ್ರಕಟವಾಯಿತು.

ಈ ಸೋಲಿನ ಬಗ್ಗೆ ಇಷ್ಟು ಹೊತ್ತು ಹೇಳಿದ್ದಕ್ಕೆ ಕಾರಣವಿದೆ. ಇಲಿಯ ಕಣ್ಣಿನಲ್ಲಿ ರೋಗ ವಾರಗಳಲ್ಲಿ ಮುಗಿಯುತ್ತದೆ, ಮನುಷ್ಯನಲ್ಲಿ ಇಪ್ಪತ್ತು ವರ್ಷ ನಡೆಯುತ್ತದೆ. ಇಲಿಯ ದೃಷ್ಟಿನರದ ಬುಡದಲ್ಲಿ ನಮ್ಮಲ್ಲಿರುವಂಥ ಬಲಿಷ್ಠ ರಂಧ್ರಪದರವೇ ಇಲ್ಲ. ಮೇಲಾಗಿ, ಪರೀಕ್ಷೆಗೆ ಒಳಗಾದವರೆಲ್ಲ ಒತ್ತಡ ಇಳಿಸುವ ಚಿಕಿತ್ಸೆಯನ್ನೂ ಪಡೆಯುತ್ತಿರುತ್ತಾರೆ, ಅದನ್ನು ತಪ್ಪಿಸುವುದು ಅನ್ಯಾಯ. ಹೀಗಾಗಿ ಹೊಸ ಔಷಧಿಯ ಚಿಕ್ಕ ಲಾಭವನ್ನು ತೋರಿಸಲೂ ಸಾವಿರಾರು ಜನ, ವರ್ಷಗಟ್ಟಲೆ ಸಮಯ ಬೇಕು. "ಗ್ಲಾಕೋಮಾಗೆ ಔಷಧಿ ಪತ್ತೆ" ಎಂಬ ತಲೆಬರಹ ಮೊಬೈಲಿಗೆ ಬಂದಾಗ, ಪರೀಕ್ಷೆ ನಡೆದದ್ದು ಯಾರ ಮೇಲೆ ಎಂದು ಮೊದಲು ನೋಡಿ.

ಬ್ರಿಮೊನಿಡಿನ್ ಎಂಬ ಹನಿಯ ಕಥೆ ಬೇರೆ. 2011ರಲ್ಲಿ ಬಂದ ಅಧ್ಯಯನವೊಂದರಲ್ಲಿ, ಒತ್ತಡ ಕಡಿಮೆಯಿದ್ದೂ ಗ್ಲಾಕೋಮಾ ಇದ್ದವರಲ್ಲಿ ಅದನ್ನು ಹಳೆಯ ಟಿಮೊಲಾಲ್ ಹನಿಯೊಂದಿಗೆ ಹೋಲಿಸಿದರು. ಎರಡೂ ಒತ್ತಡವನ್ನು ಒಂದೇ ಮಟ್ಟಕ್ಕೆ ಇಳಿಸಿದವು, ಆದರೆ ಬ್ರಿಮೊನಿಡಿನ್ ಹಾಕಿಕೊಂಡವರಲ್ಲಿ ದೃಷ್ಟಿಕ್ಷೇತ್ರ ಕೆಟ್ಟದ್ದು ಬಹಳ ಕಡಿಮೆ. ಒತ್ತಡದ ಆಚೆಗೂ ಅದು ಏನೋ ಮಾಡುತ್ತಿದೆಯೆಂಬ ಆಸೆ ಮೂಡಿತು. ಆದರೆ ಕಣ್ಣು ಕೆಂಪಾಗಿ ತುರಿಸುವ ಅಲರ್ಜಿಯಿಂದ ಆ ಗುಂಪಿನ ಬಹಳ ಜನ ನಡುವೆಯೇ ಬಿಟ್ಟುಹೋಗಿದ್ದರು. ಹಾಗಾಗಿ ಫಲಿತಾಂಶವನ್ನು ಪೂರ್ತಿ ನಂಬುವುದು ಕಷ್ಟ. ನಾನು ಆ ಹನಿಯನ್ನು ಬರೆದುಕೊಡುತ್ತೇನೆ, ಒತ್ತಡ ಇಳಿಸುತ್ತದೆ ಎಂಬ ಕಾರಣಕ್ಕೆ.

ಈಗ ಎಲ್ಲರೂ ಕೇಳುವುದು ಬಿ3 ವಿಟಮಿನ್ನಿನ ಬಗ್ಗೆ, ಅದರ ನಿಕೋಟಿನಮೈಡ್ ಎಂಬ ರೂಪದ ಬಗ್ಗೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಕೆಲಸ ಮಾಡಲು ಎನ್‌ಎಡಿ ಎಂಬ ಅಣು ಬೇಕು. ವಯಸ್ಸಾದಂತೆ ಅಕ್ಷಿಪಟಲದಲ್ಲಿ ಅದು ಇಳಿಯುತ್ತದೆ. ಅಮೆರಿಕದ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ಸೈಮನ್ ಜಾನ್ ಅವರ ತಂಡ ಗ್ಲಾಕೋಮಾ ಬರುವ ತಳಿಯ ಇಲಿಗಳಿಗೆ ಹೆಚ್ಚಿನ ಪ್ರಮಾಣದ ಬಿ3 ಕೊಟ್ಟಾಗ ಶೇಕಡ 93ರಷ್ಟು ಕಣ್ಣುಗಳಲ್ಲಿ ನರ ಉಳಿಯಿತು ಎಂದು 2017ರಲ್ಲಿ ವರದಿ ಮಾಡಿತು. ಆಮೇಲೆ ಆಸ್ಟ್ರೇಲಿಯದಲ್ಲಿ ಚಿಕ್ಕದೊಂದು ಗುಂಪಿನ ರೋಗಿಗಳಿಗೆ ಕೊಟ್ಟು ನೋಡಿದಾಗ ಅಕ್ಷಿಪಟಲದ ಒಳಪದರದ ವಿದ್ಯುತ್ ಚಟುವಟಿಕೆ ಸ್ವಲ್ಪ ಸುಧಾರಿಸಿತು. ಯುರೋಪಿನಲ್ಲಿ ದೊಡ್ಡ ಪರೀಕ್ಷೆಗಳು ಆರಂಭವಾಗಿವೆ. ಈ ದಾರಿಯ ಮೇಲೆ ನನಗೆ ನಿಜವಾದ ಭರವಸೆಯಿದೆ, ಮುಚ್ಚಿಡುವುದಿಲ್ಲ. ಪೆಟ್ಟು ಎಲ್ಲಿಂದಲೇ ಬಂದರೂ ತಡೆದುಕೊಳ್ಳುವ ಶಕ್ತಿಯನ್ನು ಕೋಶಕ್ಕೆ ಕೊಡುವ ಯೋಚನೆ ಇದು. ಆದರೆ ಪರೀಕ್ಷೆಗಳಲ್ಲಿ ಕೊಡುವ ಪ್ರಮಾಣ ದಿನಕ್ಕೆ ಮೂರು ಗ್ರಾಂವರೆಗೆ ಹೋಗುತ್ತದೆ. ಆಹಾರದಿಂದ ದಿನಕ್ಕೆ ನಮಗೆ ಬೇಕಾದದ್ದು ಮಿಲಿಗ್ರಾಂಗಳ ಲೆಕ್ಕದಲ್ಲಿ. ಅಷ್ಟು ದೊಡ್ಡ ಪ್ರಮಾಣ ಯಕೃತ್ತಿಗೆ ಹಾನಿ ಮಾಡಬಲ್ಲದು. ಅಂಗಡಿಯಿಂದ ತಂದು ನುಂಗಬೇಡಿ.

ಸತ್ತ ನರವನ್ನು ಮತ್ತೆ ಬೆಳೆಸುವ ಪ್ರಯತ್ನಗಳನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಕೆನಡಾದ ಆಲ್ಬರ್ಟ್ ಅಗುವಾಯೊ 1980ರ ದಶಕದಲ್ಲಿ ಕಾಲಿನ ನರದ ತುಂಡೊಂದನ್ನು ಇಲಿಯ ಕಣ್ಣಿಗೆ ಜೋಡಿಸಿದಾಗ ಗ್ಯಾಂಗ್ಲಿಯನ್ ಕೋಶಗಳು ಅದರೊಳಗೆ ಹೊಸ ತಂತು ಬೆಳೆಸಿದವು. ಬೆಳೆಯುವ ಶಕ್ತಿ ಪೂರ್ತಿ ಆರಿಲ್ಲ ಎಂದು ಅದರಿಂದ ಗೊತ್ತಾಯಿತು. 2020ರಲ್ಲಿ ಡೇವಿಡ್ ಸಿಂಕ್ಲೇರ್ ಅವರ ತಂಡ ಮೂರು ಜೀನ್‌ಗಳನ್ನು ಇಲಿಯ ಗ್ಯಾಂಗ್ಲಿಯನ್ ಕೋಶಗಳಲ್ಲಿ ಚುರುಕುಗೊಳಿಸಿ, ವಯಸ್ಸಾದ ಮತ್ತು ಗ್ಲಾಕೋಮಾ ಪೀಡಿತ ಇಲಿಗಳ ದೃಷ್ಟಿ ಸುಧಾರಿಸಿದ್ದನ್ನು ತೋರಿಸಿತು. ದೊಡ್ಡ ಕೆಲಸಗಳಿವು. ಆದರೆ ಇಂದು ನನ್ನ ಎದುರು ಕುಳಿತ ರೋಗಿಗೆ ಇವುಗಳಿಂದ ಕೊಡಲು ನನ್ನ ಬಳಿ ಏನೂ ಇಲ್ಲ.

ಆತನಿಗೆ ಕೊಡಲು ಇರುವುದು ಹನಿ, ಲೇಸರ್, ಶಸ್ತ್ರಚಿಕಿತ್ಸೆ. ಅದಕ್ಕಿಂತ ಮೊದಲು, ನಾವಾಗಿಯೇ ನರಕ್ಕೆ ಮಾಡಿಕೊಳ್ಳುತ್ತಿರುವ ಹಾನಿಯನ್ನು ನಿಲ್ಲಿಸುವುದು. ಈ ಮಾತು ಬಂದಾಗ ನನ್ನ ದನಿ ಏರುತ್ತದೆ, ಕ್ಷಮಿಸಿ. ಬೆಂಗಳೂರಿನ ಧೂಳು ಮತ್ತು ಪರಾಗಕ್ಕೆ ಕಣ್ಣು ತುರಿಸುವ ಮಕ್ಕಳು ಬಹಳ. ವೈದ್ಯರು ಒಮ್ಮೆ ಸ್ಟೀರಾಯ್ಡ್ ಹನಿ ಬರೆದುಕೊಡುತ್ತಾರೆ, ಎರಡೇ ದಿನದಲ್ಲಿ ಕಣ್ಣು ತಿಳಿಯಾಗುತ್ತದೆ. ಮುಂದಿನ ಸಲ ತುರಿಕೆ ಬಂದಾಗ ತಾಯಿ ತಂದೆ ಖಾಲಿ ಬಾಟಲಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋಗುತ್ತಾರೆ. ಚೀಟಿ ಇಲ್ಲದೆ ಮಾರಬಾರದೆಂಬ ಕಾನೂನಿದೆ, ಆದರೂ ಹನಿ ಸಿಗುತ್ತದೆ. ಹೀಗೆ ತಿಂಗಳುಗಳು, ಕೆಲವು ಮನೆಗಳಲ್ಲಿ ವರ್ಷಗಳು. ಸ್ಟೀರಾಯ್ಡ್ ಹನಿಯನ್ನು ವಾರಗಟ್ಟಲೆ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ತಕ್ಕಮಟ್ಟಿಗೆ ಏರುತ್ತದೆ, ಇಪ್ಪತ್ತರಲ್ಲಿ ಒಬ್ಬರಿಗೆ ಅಪಾಯದ ಮಟ್ಟಕ್ಕೆ ಏರುತ್ತದೆ. ಆ ಒಬ್ಬರು ಯಾರೆಂದು ಮುಂಚಿತವಾಗಿ ಹೇಳಲಾಗದು. ಶಾಲೆಯ ಬೋರ್ಡ್ ಕಾಣುವುದಿಲ್ಲವೆಂದು ಕನ್ನಡಕಕ್ಕಾಗಿ ಬಂದ ಹುಡುಗನ ದೃಷ್ಟಿನರ ಬಿಳಿಚಿಕೊಂಡಿರುವುದನ್ನು ನೋಡಿದಾಗ ನನಗೆ ಆಗುವ ಸಂಕಟವನ್ನು ಮಾತಿನಲ್ಲಿ ಹೇಳಲಾರೆ. ಇದು ಸಂಪೂರ್ಣ ತಪ್ಪಿಸಬಹುದಾಗಿದ್ದ ಕುರುಡು. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಅದು ಕೆಟ್ಟ ಔಷಧಿಯಲ್ಲ, ಎಷ್ಟೋ ಕಣ್ಣುಗಳನ್ನು ಉಳಿಸಿದೆ. ಅದನ್ನು ಹಾಕುವಷ್ಟು ಕಾಲವೂ ಕಣ್ಣಿನ ಒತ್ತಡ ಅಳೆಯುತ್ತಿರಬೇಕು, ಅಷ್ಟೇ. ಕಣ್ಣಿನ ಸುತ್ತ ಹಚ್ಚುವ ಮುಲಾಮಿಗೂ ಇದೇ ಮಾತು.

ಇನ್ನೊಂದು ಈ ಊರಿಗೆ ಹೊಂದುವ ವಿಷಯ ಶೀರ್ಷಾಸನ. ಚೆನ್ನೈನ ವೈದ್ಯರು ಯೋಗಾಭ್ಯಾಸಿಗಳಲ್ಲಿ ಅಳೆದು 2006ರಲ್ಲಿ ಪ್ರಕಟಿಸಿದಂತೆ, ತಲೆಕೆಳಗಾಗಿ ನಿಂತಾಗ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಆರೋಗ್ಯವಂತರು ಹೆದರಬೇಕಿಲ್ಲ. ಗ್ಲಾಕೋಮಾ ಇರುವವರು ಶೀರ್ಷಾಸನ, ಸರ್ವಾಂಗಾಸನ ಬಿಟ್ಟು ಉಳಿದ ಯೋಗ ಮಾಡಲಿ, ನಡಿಗೆ ಮಾಡಲಿ.

ಗ್ಯಾಂಗ್ಲಿಯನ್ ಕೋಶಗಳನ್ನು ಕೊಲ್ಲುವುದು ಒತ್ತಡವೊಂದೇ ಅಲ್ಲ. ಕ್ಷಯರೋಗಕ್ಕೆ ಕೊಡುವ ಎಥಾಂಬ್ಯುಟಾಲ್ ಕೆಲವರ ದೃಷ್ಟಿನರಕ್ಕೆ ವಿಷವಾಗುತ್ತದೆ. ಬಣ್ಣಗಳು, ಅದರಲ್ಲೂ ಕೆಂಪು, ಮಂಕಾಗಿ ಕಂಡರೆ ಕೂಡಲೇ ವೈದ್ಯರಿಗೆ ಹೇಳಿ, ಬೇಗ ನಿಲ್ಲಿಸಿದರೆ ದೃಷ್ಟಿ ಮರಳುವ ಸಾಧ್ಯತೆ ಇರುತ್ತದೆ. ಬಿ12 ಕೊರತೆಯೂ ಹೀಗೆಯೇ. ಹಾಲು ಮೊಸರನ್ನೂ ಕಡಿಮೆ ಮಾಡಿದ ಸಸ್ಯಾಹಾರಿಗಳು ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. ಕಳ್ಳಭಟ್ಟಿಯಲ್ಲಿ ಸೇರಿಕೊಳ್ಳುವ ಮೆಥನಾಲ್ ಒಂದೆರಡು ದಿನಗಳಲ್ಲೇ ಎರಡೂ ಕಣ್ಣುಗಳನ್ನು ತೆಗೆದುಬಿಡುತ್ತದೆ.

ಚಿಕಿತ್ಸೆಯ ಬಗ್ಗೆ ಒಂದಿಷ್ಟು. 1978ರಲ್ಲಿ ಬಂದ ಟಿಮೊಲಾಲ್ ಇಂದಿಗೂ ಅಗ್ಗದ, ಒಳ್ಳೆಯ ಹನಿ. ಆಸ್ತಮಾ ಇರುವವರಿಗೆ ಮಾತ್ರ ಅದು ಆಗದು. ಕಣ್ಣಿಗೆ ಹಾಕಿದ್ದು ಉಸಿರಾಟದ ಮೇಲೂ ಪರಿಣಾಮ ಬೀರುತ್ತದೆ, ಆದ್ದರಿಂದ ಆಸ್ತಮಾ ಇದ್ದರೆ ಕಣ್ಣಿನ ವೈದ್ಯರಿಗೆ ಹೇಳಲು ಮರೆಯಬೇಡಿ. 1996ರಲ್ಲಿ ಬಂದ ಲ್ಯಾಟನೊಪ್ರೋಸ್ಟ್ ದಿನಕ್ಕೆ ಒಂದೇ ಹನಿ ಸಾಕು. ಬ್ರಿಟನ್ನಿನಲ್ಲಿ ಅದನ್ನು ಔಷಧವಿಲ್ಲದ ಹನಿಯೊಂದಿಗೆ ಹೋಲಿಸಿದ ಅಧ್ಯಯನ 2015ರಲ್ಲಿ ಬಂತು. ಎರಡೇ ವರ್ಷದಲ್ಲಿ ದೃಷ್ಟಿಕ್ಷೇತ್ರ ಉಳಿದಿರುವ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಹನಿ ಹಾಕುವಾಗ ಒಂದೇ ತೊಟ್ಟು ಸಾಕು. ಹಾಕಿದ ಮೇಲೆ ಕಣ್ಣು ಪಿಳುಕಿಸದೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ಎರಡನೆಯ ಔಷಧಿ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ. ಲೇಸರಿನ ಬಗ್ಗೆ ಭಯ ಬೇಡ. ತೆರೆದ ಕೋನದ ಗ್ಲಾಕೋಮಾದಲ್ಲಿ ಮೊದಲ ಚಿಕಿತ್ಸೆಯಾಗಿಯೇ ಲೇಸರ್ ಮಾಡಿದವರಲ್ಲಿ ನಾಲ್ವರಲ್ಲಿ ಸುಮಾರು ಮೂವರು ಮೂರು ವರ್ಷ ಹನಿ ಇಲ್ಲದೆಯೇ ಇದ್ದರು ಎಂದು 2019ರಲ್ಲಿ ಬ್ರಿಟನ್ನಿನ ಇನ್ನೊಂದು ಅಧ್ಯಯನ ತಿಳಿಸಿತು. ದಿನವೂ ಹನಿ ಕೊಳ್ಳಲು ಕಷ್ಟಪಡುವ, ಹಾಕಲು ಮನೆಯಲ್ಲಿ ಯಾರೂ ಇಲ್ಲದ ಹಿರಿಯರಿಗೆ ಇದು ದೊಡ್ಡ ಅನುಕೂಲ. ನಮ್ಮಲ್ಲಿ ಇದನ್ನು ಇನ್ನೂ ಹೆಚ್ಚು ಬಳಸಬೇಕು ಎಂಬುದು ನನ್ನ ನಿಲುವು.

ಹನಿ ಹಾಕಿದರೂ ದೃಷ್ಟಿ ಹೆಚ್ಚುವುದಿಲ್ಲ. ಹಾಗಾಗಿ ಮೂರು ತಿಂಗಳಾದ ಮೇಲೆ "ಏನೂ ಪ್ರಯೋಜನ ಕಾಣಲಿಲ್ಲ" ಎಂದು ಬಿಟ್ಟುಬಿಡುವವರು ಬಹಳ. ಪೊರೆಯ (ಕ್ಯಾಟರಾಕ್ಟ್) ಶಸ್ತ್ರಚಿಕಿತ್ಸೆಯ ಮರುದಿನ ಜಗತ್ತು ಬೆಳಗುವುದನ್ನು ಕಂಡ ಜನಕ್ಕೆ ಇದು ನಿರಾಸೆ ತರುವುದು ಸಹಜ. ಇಲ್ಲಿ ಪ್ರಯೋಜನವೆಂದರೆ ಹತ್ತು ವರ್ಷದ ನಂತರವೂ ಇಂದಿನಷ್ಟೇ ಕಾಣುವುದು. ಮನೆಯಲ್ಲಿ ಅಪ್ಪನಿಗೆ, ಅಜ್ಜಿಗೆ ಹನಿ ಹಾಕುವ ಮಕ್ಕಳು ಇದನ್ನು ಅರಿತಿದ್ದರೆ ಹನಿ ನಿಲ್ಲುವುದಿಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: "ಯಾವಾಗ, ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು?" 40 ದಾಟಿದವರೆಲ್ಲ ಒಮ್ಮೆ ಮಾಡಿಸಿಕೊಳ್ಳಿ. ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿಯರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ನಿಮಗೆ ಬರುವ ಸಂಭವ ಹಲವು ಪಟ್ಟು ಹೆಚ್ಚು, ವಯಸ್ಸು 40 ಆಗುವವರೆಗೆ ಕಾಯಬೇಡಿ. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸಿ ನಂಬರು ಕೊಟ್ಟರೆ ಈ ಪರೀಕ್ಷೆ ಆದಂತಲ್ಲ. ಒತ್ತಡ ಒಂದನ್ನೇ ಅಳೆದು ಸರಿಯಿದೆ ಎಂದರೂ ಸಾಲದು. ಪಾಪೆ ಅಗಲಿಸಿ ದೃಷ್ಟಿನರದ ತಟ್ಟೆ ನೋಡಬೇಕು, ಕಣ್ಣಿನ ಕೋನ ಪರೀಕ್ಷಿಸಬೇಕು, ಸಂಶಯ ಬಂದರೆ ದೃಷ್ಟಿಕ್ಷೇತ್ರ ಪರೀಕ್ಷೆ ಮತ್ತು ನರತಂತುಗಳ ದಪ್ಪ ಅಳೆಯುವ ಓಸಿಟಿ ಸ್ಕ್ಯಾನ್ ಮಾಡಿಸಬೇಕು. ಖಾಸಗಿ ಆಸ್ಪತ್ರೆಗೇ ಹೋಗಬೇಕೆಂದಿಲ್ಲ. ನೂರು ವರ್ಷ ದಾಟಿದ ನಮ್ಮ ಮಿಂಟೊ ಕಣ್ಣಿನ ಆಸ್ಪತ್ರೆ ಇಲ್ಲಿಂದ ದೂರವೇನಿಲ್ಲ. ಪಾಪೆ ಅಗಲಿಸುವ ಹನಿ ಹಾಕಿದ ದಿನ ಕೆಲವು ಗಂಟೆ ಹತ್ತಿರದ್ದು ಮಸುಕಾಗಿ ಕಾಣುತ್ತದೆ, ಬಿಸಿಲು ಕುಕ್ಕುತ್ತದೆ. ಸ್ಕೂಟರ್ ಓಡಿಸಿಕೊಂಡು ಹೋಗಬೇಡಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಆ ಜೊತೆಗಾರರು ನಿಮ್ಮ ಒಡಹುಟ್ಟಿದವರೇ ಆಗಿದ್ದರೆ ಅವರ ಹೆಸರಿಗೂ ಒಂದು ಚೀಟಿ ಮಾಡಿಸಿ.